ಪಿಂಗಾಣಿಯ ಮೇಲೆ ನಿಂತ ಹನಿ

ವಡೋದರಾದ ಮಕರಪುರ ಕೈಗಾರಿಕಾ ವಸಾಹತಿನಲ್ಲಿ ವಾಸುದೇವ ಶೇರಿಗಾರರೆಂದು ಕೇಳಿದರೆ ಯಾರೂ ದಾರಿ ತೋರಿಸುತ್ತಿರಲಿಲ್ಲ. ‘ಪಾನಿವಾಲಾ ವಾಸುಭಾಯ್’ ಎಂದರೆ ಗೇಟಿನ ಕಾವಲುಗಾರನಿಂದ ಹಿಡಿದು ಎದುರಿನ ಚಹಾದಂಗಡಿಯವನವರೆಗೆ ಎಲ್ಲರಿಗೂ ಗೊತ್ತು. ಅವರೇನೂ ನೀರು ಮಾರುವವರಲ್ಲ. ಸಬ್‌ಸ್ಟೇಷನ್ನುಗಳಲ್ಲಿ ವಿದ್ಯುತ್ ತಂತಿಯನ್ನು ಎತ್ತಿ ಹಿಡಿಯುವ ಪಿಂಗಾಣಿ ಇನ್ಸುಲೇಟರುಗಳಿಗೆ ರಬ್ಬರಿನಂಥ ಒಂದು ಲೇಪ ಬಳಿಯುವ ಕಾರ್ಖಾನೆಯಲ್ಲಿ ಪರೀಕ್ಷಾ ಕೋಣೆಯ ಇನ್‌ಚಾರ್ಜ್. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಅವರ ಕೆಲಸವೆಂದರೆ ಲೇಪ ಬಳಿದ ಮಾದರಿ ತುಂಡಿನ ಮೇಲೆ ನೀರು ಚಿಮುಕಿಸುವುದು. ನೀರು ಹಾಳೆಯಂತೆ ಹರಡಿದರೆ ಅದರ ಮೇಲೆ ವಿದ್ಯುತ್ತಿಗೆ ದಾರಿಯಾಗುತ್ತದೆ. ಬಿಡಿಬಿಡಿ ಹನಿಯಾಗಿ ನಿಂತರೆ ದಾರಿ ಕಡಿಯುತ್ತದೆ. ಹನಿ ತುಂಡಿನ ಜೊತೆ ಮಾಡುವ ಕೋನವನ್ನು ಕ್ಯಾಮೆರಾದಲ್ಲಿ ಅಳೆದು, ಫಾರಮ್ಮಿನಲ್ಲಿ ಬರೆದು, ಕೆಳಗೆ ಸಹಿ ಹಾಕಿದರೆ ಮುಗಿಯಿತು.

ಕುಂದಾಪುರದ ಬದಿಯಿಂದ ಹದಿನೆಂಟನೇ ವಯಸ್ಸಿಗೆ ರೈಲು ಹತ್ತಿ ಬಂದವರು. ವಡೋದರಾ ಸ್ಟೇಷನ್ನಿನ ಹತ್ತಿರ ಅವರ ಸೋದರಮಾವ ಸೀತಾರಾಮರ ಉಡುಪಿ ಹೋಟೆಲಿತ್ತು. ಮೂರು ವರ್ಷ ಅಲ್ಲಿ ಬಡಿಸಿದರು, ಸಂಜೆ ಹೊತ್ತಿಗೆ ಐಟಿಐ ಓದಿದರು. ದಿನಾ ಇಡ್ಲಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಕರೆದುಕೊಂಡು ಹೋಗಿ ಈ ಕಾರ್ಖಾನೆಯಲ್ಲಿ ಸಹಾಯಕನಾಗಿ ಸೇರಿಸಿದರು. ಡಿಗ್ರಿ ಇಲ್ಲದವನು ಕೋಣೆಯ ಮುಖ್ಯಸ್ಥನಾಗಿದ್ದು ಆ ವಸಾಹತಿನಲ್ಲೇ ಅಪರೂಪ. ಮಾಲೀಕ ನಿತಿನ್‌ಭಾಯ್ ಹೊರಗಿನವರಿಗೆ ಅವರನ್ನು ಪರಿಚಯಿಸುವಾಗ, “ಇವರ ಕಣ್ಣು ನಮ್ಮ ಯಂತ್ರಕ್ಕಿಂತ ಮೇಲು” ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ವಾಸುದೇವರು ಮನೆಗೆ ಹೋಗುವಾಗ ಸ್ಕೂಟರನ್ನು ಸ್ವಲ್ಪ ನಿಧಾನವಾಗಿ ಓಡಿಸುತ್ತಿದ್ದರು.

ಆ ಕಣ್ಣಿಗೆ ಬಹಳ ವರ್ಷಗಳ ಹಿಂದೆಯೇ ಒಂದು ಸಂಗತಿ ಬಿದ್ದಿತ್ತು. ಹನಿ ದುಂಡಗೆ ನಿಂತ ಮಾತ್ರಕ್ಕೆ ಅದು ಜಾರುತ್ತದೆ ಎಂದು ನಂಬುವ ಹಾಗಿಲ್ಲ. ಕೆಲವು ತುಂಡುಗಳನ್ನು ಅಂಗೈಯಲ್ಲಿಟ್ಟು ಚೂರು ಓರೆ ಮಾಡಿದರೆ ಸಾಕು, ಹನಿ ಗಾಬರಿಬಿದ್ದಂತೆ ಓಡಿಹೋಗುತ್ತಿತ್ತು. ಇನ್ನು ಕೆಲವು ತುಂಡುಗಳ ಮೇಲೆ ಹನಿ ಮುತ್ತಿನ ಹಾಗೆ ದುಂಡಗೇ ಇರುತ್ತಿತ್ತು, ಕೋನವೂ ಅಷ್ಟೇ ಬರುತ್ತಿತ್ತು, ಆದರೆ ತುಂಡನ್ನು ಗೋಡೆಯಂತೆ ನೆಟ್ಟಗೆ ಹಿಡಿದರೂ ಕಚ್ಚಿಕೊಂಡೇ ನಿಲ್ಲುತ್ತಿತ್ತು. ಒಮ್ಮೆ ಹಳೆಯ ಮ್ಯಾನೇಜರಿಗೆ ಇದನ್ನು ತೋರಿಸಿದ್ದರು. ಆತ ನಕ್ಕು, “ಫಾರಮ್ಮಿನಲ್ಲಿ ಇದಕ್ಕೆ ಜಾಗ ಎಲ್ಲಿದೆ?” ಎಂದಿದ್ದ. ಆಮೇಲೆ ವಾಸುದೇವರು ಯಾರಿಗೂ ಹೇಳಲಿಲ್ಲ. ನೋಡುವುದನ್ನು ಮಾತ್ರ ಬಿಡಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಜೂನ್‌ನಲ್ಲಿ ಆಶ್ರಿತಾ ಬಂದಳು. ಹಾಸನದ ಹುಡುಗಿ, ಅಹಮದಾಬಾದಿನಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನೀರು ಅಂಟದ ಮೈಗಳ ಮೇಲೆ ಹನಿಗೆ ಎಷ್ಟು ಘರ್ಷಣೆ ಎಂಬುದೇ ಅವಳ ವಿಷಯ. ನಿಜವಾದ ಲೇಪದ ತುಂಡುಗಳು ಬೇಕೆಂದು ಎರಡು ತಿಂಗಳ ಮಟ್ಟಿಗೆ ಕಾರ್ಖಾನೆಯ ಅನುಮತಿ ಪಡೆದು, ತನ್ನ ಉಪಕರಣವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಿದ್ದಳು. ಮೊದಲ ದಿನ ಮಧ್ಯಾಹ್ನ ವಾಸುದೇವರು ಹೆಂಡತಿ ಸುಮತಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿ ಅವಳ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು.

“ಸರ್, ನೀವು ಕನ್ನಡದವ್ರಾ!”

“ಹೌದು ಮಾರಾಯ್ತಿ. ಕುಂದಾಪುರದ ಬದಿ. ನೀವು?”

“ಹಾಸನ ಸರ್. ನನ್ನ ನೀವು ಅನ್ಬೇಡಿ.”

ಮನೆಯಲ್ಲಿ ಮಗಳು ಸ್ವಾತಿಗೆ ಕನ್ನಡದಲ್ಲಿ ಏನು ಕೇಳಿದರೂ ಗುಜರಾತಿಯಲ್ಲಿ ಉತ್ತರ ಬರುತ್ತಿತ್ತು. ಸುಮತಿಯ ಜೊತೆ ಮನೆಯ ಮಾತು, ಊರಿನ ಮಾತು. ತನ್ನ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತಾಡಿದ್ದು ವಾಸುದೇವರಿಗೆ ಮೂವತ್ತು ವರ್ಷಗಳಲ್ಲಿ ಅದೇ ಮೊದಲು. ವಾರ ಕಳೆಯುವುದರೊಳಗೆ ಸುಮತಿ ಎರಡು ಡಬ್ಬಿ ಕಟ್ಟತೊಡಗಿದಳು.

ಆಶ್ರಿತಾಳ ಉಪಕರಣ ನೋಡಲು ಏನೂ ಅಲ್ಲ. ಕೂದಲಿನಷ್ಟು ತೆಳ್ಳಗಿನ ಒಂದು ಗಾಜಿನ ಎಳೆ ಮೇಲಿನಿಂದ ಇಳಿಬಿದ್ದಿತ್ತು, ಅದರ ತುದಿ ಹನಿಯೊಳಗೆ ಮುಳುಗಿರುತ್ತಿತ್ತು. ಕೆಳಗಿನ ತುಂಡು ಮೆಲ್ಲಗೆ ಸರಿಯುತ್ತಿತ್ತು. ಹನಿಗೆ ತುಂಡಿನ ಜೊತೆ ಹೋಗುವ ಹಟ, ಎಳೆಗೆ ಬಿಡದ ಹಟ. ಆ ಜಗ್ಗಾಟದಲ್ಲಿ ಎಳೆ ಎಷ್ಟು ಬಾಗಿತು ಎಂದು ಕ್ಯಾಮೆರಾ ಅಳೆಯುತ್ತಿತ್ತು. ಬಾಗಿದಷ್ಟೂ ಘರ್ಷಣೆ.

ವಾಸುದೇವರು ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೇ ದಿನ ತಮ್ಮ ಕಪಾಟಿನಿಂದ ಎರಡು ತುಂಡು ತೆಗೆದು ಅವಳ ಮುಂದಿಟ್ಟರು.

“ಎರಡರಲ್ಲೂ ಕೋನ ನೂರ ಎಂಟು ಡಿಗ್ರಿ. ಆದ್ರೆ ಒಂದರಲ್ಲಿ ಹನಿ ಓಡ್ತದೆ, ಒಂದರಲ್ಲಿ ಕಚ್ಚಿಕೊಳ್ತದೆ. ಯಾಕೆ ಹೇಳು ನೋಡುವ.”

ಅವಳು ತುಂಡುಗಳನ್ನು ಓರೆ ಮಾಡಿ ನೋಡಿದಳು. ಮುಖ ಅರಳಿತು. “ಇದನ್ನ ನೀವು ಯಾವಾಗ ಗಮನಿಸಿದ್ರಿ ಸರ್?”

“ಇಪ್ಪತ್ತು ವರ್ಷ ಆಯ್ತು.”

“ಅಯ್ಯೋ! ನಾನು ಇದನ್ನ ತಿಳ್ಕೊಳ್ಳೋಕೆ ಪಿಎಚ್‌ಡಿಗೆ ಸೇರಿದ್ದು.” ಕಾಗದ ಎಳೆದುಕೊಂಡು ಹನಿಯ ಚಿತ್ರ ಬರೆದಳು. “ಕೋನ ಹನಿ ಹೇಗೆ ಕೂತಿದೆ ಅಂತ ಹೇಳುತ್ತೆ ಅಷ್ಟೇ. ಹೇಗೆ ಹೋಗುತ್ತೆ ಅಂತ ಹೇಳಲ್ಲ. ಹೋಗ್ಬೇಕಾದ್ರೆ ಮುಂದಿನ ಅಂಚು ಒಣ ಜಾಗಕ್ಕೆ ಕಾಲಿಡ್ಬೇಕು, ಹಿಂದಿನ ಅಂಚು ತಾನು ಕೂತ ಜಾಗ ಬಿಡ್ಬೇಕು. ಬಿಡೋದೇ ಕಷ್ಟ. ಮೈಯಲ್ಲಿ ಸಣ್ಣ ಒರಟು, ಪುಡಿ ಇದ್ರೆ ಹಿಂದಿನ ಅಂಚು ಅಲ್ಲಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ.”

“ಓಡುವುದರಲ್ಲಿ?”

“ಅದರಲ್ಲಿ ರಬ್ಬರಿನ ಒಳಗಿಂದ ಎಣ್ಣೆ ಮೇಲೆ ಬಂದು ತೆಳು ಪದರ ಆಗಿದೆ. ಹನಿ ಆ ಎಣ್ಣೆ ಮೇಲೆ ಜಾರುತ್ತೆ. ಆದ್ರೆ ಹೋಗೋ ಪ್ರತಿ ಹನಿನೂ ಚೂರು ಎಣ್ಣೆ ಜೊತೆಗೇ ಒಯ್ಯುತ್ತೆ ಸರ್. ಒಳಗಿಂದ ಮತ್ತೆ ಬರ್ತಾ ಇದ್ರೆ ಸರಿ. ಇಲ್ದಿದ್ರೆ ಇದೂ ಒಂದಿನ ಕಚ್ಚೋಕೆ ಶುರು ಮಾಡುತ್ತೆ.”

ಅಳತೆಯ ಅಂಕಿಗಳು ವಾಸುದೇವರಿಗೆ ಹಿಡಿಸಲಿಲ್ಲ, ಸೊನ್ನೆಗಳೇ ಜಾಸ್ತಿ. ಅವಳು ಸೊಳ್ಳೆಯ ಲೆಕ್ಕದಲ್ಲಿ ಹೇಳಿದಳು. ಎಣ್ಣೆ ಇದ್ದ ತುಂಡಿನ ಮೇಲೆ ಹನಿಯನ್ನು ಹಿಡಿದಿಡುವ ಬಲ ಅರ್ಧ ಸೊಳ್ಳೆಯ ಭಾರ. ಇನ್ನೊಂದರ ಮೇಲೆ ನಾಲ್ಕು ಸೊಳ್ಳೆಗಿಂತ ಚೂರು ಹೆಚ್ಚು. ಆ ಹನಿಯ ಇಡೀ ತೂಕವೇ ನಾಲ್ಕು ಸೊಳ್ಳೆಯಷ್ಟು.

“ಅದಕ್ಕೇ ನೆಟ್ಟಗೆ ಹಿಡಿದ್ರೂ ಬೀಳುದಿಲ್ಲ!” ವಾಸುದೇವರು ಮೇಜು ಬಡಿದರು. ಆ ದಿನ ಮನೆಗೆ ಹೋಗಿ ಸುಮತಿಗೂ ಹೇಳಿದರು. ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ, ಗಂಡ ಇಷ್ಟು ಖುಷಿಯಾಗಿದ್ದು ಮಾತ್ರ ಅರ್ಥವಾಯಿತು.

ಆದರೆ ಖುಷಿಯ ಅಡಿಯಲ್ಲಿ ಇನ್ನೊಂದು ಇತ್ತು. ತಾನು ಇಪ್ಪತ್ತು ವರ್ಷ ಕಣ್ಣಲ್ಲಿಟ್ಟುಕೊಂಡಿದ್ದನ್ನು ಇಪ್ಪತ್ತಾರರ ಹುಡುಗಿ ಹತ್ತು ನಿಮಿಷದಲ್ಲಿ ಕಾಗದದ ಮೇಲೆ ಬರೆದು ತೋರಿಸಿದ್ದಳು. ಅದು ಅಂಗಾಲಿನ ಮುಳ್ಳಿನಂತೆ ಇತ್ತು. ನಡೆಯುವಾಗ ಮಾತ್ರ ಗೊತ್ತಾಗುತ್ತಿತ್ತು.

ಜುಲೈ ಕೊನೆಗೆ ಕಾರ್ಖಾನೆಯಲ್ಲಿ ಲೇಪದ ಪಾಕ ಬದಲಾಯಿತು. ಬೇಗ ಒಣಗಲೆಂದು ರಬ್ಬರಿಗೆ ಬೆರೆಸುವ ಪುಡಿ ಹೆಚ್ಚು ಹಾಕಿದರು, ಎಣ್ಣೆ ಕಡಿಮೆ ಮಾಡಿದರು. ಸೂರತ್‌ನ ಆಚೆ ಕಡಲಂಚಿನ ಸಬ್‌ಸ್ಟೇಷನ್ನುಗಳಿಗೆ ದೊಡ್ಡ ಸರಬರಾಜು ಹೋಗಬೇಕಿತ್ತು. ಹೊಸ ಪಾಕದಲ್ಲಿ ಕೋನ ನೂರ ಒಂಬತ್ತು ಬಂತು, ಹಳೆಯದಕ್ಕಿಂತ ಒಂದು ಹೆಚ್ಚೇ. ಆಶ್ರಿತಾಳ ಗಾಜಿನ ಎಳೆ ಬಿಲ್ಲಿನಂತೆ ಬಾಗಿತು.

“ಸರ್, ಇದು ಕಡಲ ತೀರಕ್ಕಾ? ಉಪ್ಪಿನ ಮಂಜು ಬೀಳೋ ಕಡೆಗೆ? ಹನಿ ಜಾರದೇ ಇದ್ರೆ ಉಪ್ಪು ಅಲ್ಲೇ ಉಳಿಯುತ್ತೆ. ಮಾರನೇ ದಿನ ಇನ್ನೊಂದು ಹನಿ ಬಂದು ಸೇರುತ್ತೆ. ಬಿಡಿಬಿಡಿಯಾಗಿರೋವು ಒಂದಕ್ಕೊಂದು ಕೂಡ್ಕೊಂಡ್ರೆ...”

“ಗೊತ್ತು,” ಎಂದರು ವಾಸುದೇವರು. ಅವರಿಗೆ ನಿಜಕ್ಕೂ ಗೊತ್ತಿತ್ತು. ಹಿಂದಿನ ದಿನವೇ ಅಂಗೈಯಲ್ಲಿ ಓರೆ ಮಾಡಿ ನೋಡಿದ್ದರು.

ಆಗಸ್ಟ್ ಮೊದಲ ವಾರ ಸರಬರಾಜಿಗೆ ಒಪ್ಪಿಗೆ ಕೊಡಲು ಕೊಳ್ಳುವ ಕಡೆಯ ಎಂಜಿನಿಯರ್ ಬಂದರು. ಮೀಟಿಂಗ್ ಕೋಣೆಯಲ್ಲಿ ಕಚೋರಿ, ಚಹಾ, ಫಾರಮ್ಮುಗಳು. ಆಶ್ರಿತಾಳನ್ನು ಯಾರೂ ಕರೆದಿರಲಿಲ್ಲ. ಅವಳು ಬಾಗಿಲು ತಟ್ಟಿ ಒಳಗೆ ಬಂದು, ಹಿಂದಿಯಲ್ಲಿ, ತಡವರಿಸದೆ, ಈ ಲೇಪದ ಮೇಲೆ ಹನಿ ಜಾರುವುದಿಲ್ಲ, ಘರ್ಷಣೆ ಎಂಟು ಪಟ್ಟು ಇದೆ ಎಂದು ಹೇಳಿ ತನ್ನ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಎಂಜಿನಿಯರ್ ಹಾಳೆ ನೋಡಿದರು. “ಇದು ನಮ್ಮ ಪರೀಕ್ಷಾ ಪಟ್ಟಿಯಲ್ಲಿ ಇಲ್ಲವಲ್ಲ. ಆದರೂ, ಹೌದೇನು?”

ನಿತಿನ್‌ಭಾಯ್ ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಬೇರೆಯಾಗುತ್ತಿತ್ತೇನೋ ಎಂದು ವಾಸುದೇವರು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾರೆ. ಅವರು ನಗುತ್ತಾ ಕುರ್ಚಿ ತಿರುಗಿಸಿ ಹೇಳಿದರು. “ನಮ್ಮ ವಾಸುಭಾಯ್ ಇದ್ದಾರಲ್ಲ. ಮೂವತ್ತು ವರ್ಷದ ಕಣ್ಣು. ಅವರೇ ಹೇಳಲಿ. ವಾಸುಭಾಯ್, ನಿಮಗೆ ಅಂಥದ್ದೇನಾದರೂ ಕಂಡಿದೆಯಾ?”

ಕೋಣೆಯಲ್ಲಿದ್ದವರೆಲ್ಲ ಅವರ ಕಡೆ ತಿರುಗಿದರು. ಡಿಗ್ರಿ ಇದ್ದವರು ಅಷ್ಟೂ ಜನ ತಮ್ಮ ಮಾತಿಗೆ ಕಾದಿದ್ದರು. ಆಶ್ರಿತಾಳೂ ತಿರುಗಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ, ನಿರಾಳವಿತ್ತು. ಇನ್ನೇನು, ಸರ್ ಹೇಳುತ್ತಾರೆ ಎಂಬ ನಿರಾಳ.

“ಉಪಕರಣ ಹೊಸದು,” ಎಂದರು ವಾಸುದೇವರು. “ಹುಡುಗಿಯೂ ಹೊಸಬಳು. ಇನ್ನೂ ಕಲಿಯುತ್ತಿದ್ದಾಳೆ. ನನ್ನ ಕಣ್ಣಿಗೆ ಅಂಥದ್ದೇನೂ ಕಂಡಿಲ್ಲ.”

ಗುಜರಾತಿಯಲ್ಲಿ ಹೇಳಿದ್ದರು. ಎರಡು ವರ್ಷ ಅಹಮದಾಬಾದಿನಲ್ಲಿದ್ದವಳಿಗೆ ಅಷ್ಟು ಅರ್ಥವಾಯಿತು. ಅವಳು ಹಾಳೆಯನ್ನು ಮಡಚಿಕೊಂಡು ಹೊರಗೆ ಹೋದಳು. ಆ ಸಂಜೆಯೇ ಅವಳ ಅನುಮತಿ ರದ್ದಾಯಿತು. ಕಾರ್ಖಾನೆಯ ತುಂಡುಗಳ ಅಳತೆಯನ್ನು ಎಲ್ಲೂ ಬಳಸಬಾರದೆಂದು ಬರೆಸಿಕೊಂಡರು. ಥರ್ಮೋಕೋಲ್ ಪೆಟ್ಟಿಗೆಯನ್ನು ಆಟೋಗೆ ಏರಿಸುವಾಗ ವಾಸುದೇವರು ಸಹಾಯಕ್ಕೆ ಹೋದರು. “ಬೇಡ ಸರ್, ನಾನು ಹಿಡ್ಕೋತೀನಿ” ಎಂದಳು. ಅಷ್ಟೇ.

ಮನೆಯಲ್ಲಿ ಸುಮತಿ ಕೇಳಿದಳು, “ನಾಳೆ ಅವಳಿಗೆ ಎಂತ ಕಟ್ಟುದು?”

“ಅವಳು ಹೋದಳು.” ನಡೆದದ್ದನ್ನು ಹೇಳಿದರು, ಆದಷ್ಟು ಚಿಕ್ಕದಾಗಿ.

ಸುಮತಿ ಸೌಟು ಕೆಳಗಿಟ್ಟಳು. “ಹಂಗಾರೆ ನೀವು ಸುಳ್ಳು ಹೇಳಿದ್ರಾ?”

“ಸುಳ್ಳಲ್ಲ. ಫಾರಮ್ಮಲ್ಲಿ ಅದು ಇಲ್ಲವೇ ಇಲ್ಲ.”

“ಫಾರಮ್ಮಿನ ವಿಷಯ ನಾನು ಕೇಳ್ಲಿಲ್ಲ,” ಎಂದಳು ಸುಮತಿ.

ಸರಬರಾಜು ಹೋಯಿತು. ಒಂದು ಚಳಿಗಾಲ ಏನೂ ಆಗದೆ ಕಳೆಯಿತು. ವಾಸುದೇವರು ತಮ್ಮ ಮಾತೇ ಸರಿಯಿತ್ತೇನೋ ಎಂದು ನಂಬಲು ಶುರುಮಾಡಿದ್ದರು. ಎರಡನೇ ಚಳಿಗಾಲ, ಇಪ್ಪತ್ನಾಲ್ಕರ ಜನವರಿಯಲ್ಲಿ, ಕಡಲ ಕಡೆಯಿಂದ ನಾಲ್ಕು ದಿನ ಒಂದೇ ಸಮನೆ ಮಂಜು ಮುಸುಕಿತು. ಐದನೆಯ ಬೆಳಗ್ಗೆ ಒಂದು ಸಬ್‌ಸ್ಟೇಷನ್ನಿನಲ್ಲಿ ಇನ್ಸುಲೇಟರಿನ ಮೈಮೇಲೆ ವಿದ್ಯುತ್ತಿನ ಬೆಂಕಿ ಹರಿದು ಪಿಂಗಾಣಿ ಸಿಡಿಯಿತು. ಕೆಳಗೆ ಕೆಲಸಕ್ಕೆ ಬಂದಿದ್ದ ಗುತ್ತಿಗೆ ಕಾರ್ಮಿಕನೊಬ್ಬ ಮುಖಕ್ಕೆ ಬಡಿಯದಿರಲೆಂದು ಬಲಗೈ ಅಡ್ಡ ಹಿಡಿದ. ಹಲಗೆಯಂಥ ಚೂರು ಮಣಿಕಟ್ಟಿನ ಮೇಲೆ ಬಿತ್ತು.

ಅವನ ಹೆಸರು ರಾಕೇಶ್. ಮೂವತ್ನಾಲ್ಕು ವರ್ಷ. ಸೂರತ್‌ನ ಕತಾರ್‌ಗಾಮ್‌ನವನು. ಹದಿನೈದು ವರ್ಷ ವಜ್ರಕ್ಕೆ ಸಾಣೆ ಹಿಡಿದಿದ್ದವನು. ವಜ್ರದ ಕೆಲಸ ಇಳಿದು ಕಾರ್ಖಾನೆ ಬಾಗಿಲು ಹಾಕಿದಾಗ, ಮತ್ತೆ ತೆರೆಯುವ ತನಕ ಅಂತ ಈ ಗುತ್ತಿಗೆಗೆ ಸೇರಿದ್ದ.

ತನಿಖೆಯಾಯಿತು. ಕಾರಣ ‘ಅಸಾಧಾರಣ ಮಂಜು’ ಎಂದು ಬರೆದರು. ಕಾರ್ಖಾನೆಯಿಂದ ಸೌಜನ್ಯಕ್ಕೆ ಒಬ್ಬರು ಹೋಗಿ ಬರಲಿ ಎಂದು ನಿತಿನ್‌ಭಾಯ್ ವಾಸುದೇವರನ್ನೇ ಕಳಿಸಿದರು.

ಕತಾರ್‌ಗಾಮ್‌ನ ಓಣಿಯಲ್ಲಿ ಎರಡನೇ ಮಹಡಿಯ ಒಂದು ಕೋಣೆ. ಕೆಳಗಡೆ ಸೀರೆಗೆ ಕಸೂತಿ ಹಾಕುವ ಯಂತ್ರಗಳ ಸದ್ದು. ರಾಕೇಶ್ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮೂರು ಬೆರಳು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ವಾಸುದೇವರು ತಂದ ಹಣ್ಣಿನ ಚೀಲವನ್ನು ಅವನ ಹೆಂಡತಿ ಹೇತಲ್ ತೆಗೆದುಕೊಂಡಳು.

“ಸಾಣೆಯಲ್ಲಿ ಕಲ್ಲನ್ನು ಬೆರಳಿನಲ್ಲೇ ಅರಿಯಬೇಕು ಕಾಕಾ,” ಎಂದ ರಾಕೇಶ್. “ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ನಿಮಗೆ ತಿಳಿಯುತ್ತದೆ, ನೀವೂ ಕೈಯಲ್ಲಿ ಕೆಲಸ ಮಾಡುವವರು.”

ವಾಸುದೇವರು ತಲೆಯಾಡಿಸಿದರು. ಹೇಳಬೇಕೆಂದು ಬಾಯಿ ತೆರೆದರು. “ದೇವರಿದ್ದಾನೆ” ಎಂದರು. ತಮ್ಮ ಧ್ವನಿ ತಮಗೇ ಅಸಹ್ಯವಾಯಿತು. ವಾಪಸು ರೈಲಿನಲ್ಲಿ ಭರೂಚ್ ದಾಟುವ ತನಕ ಬಾಗಿಲ ಬಳಿ ನಿಂತೇ ಇದ್ದರು.

ಆಮೇಲೆ ಒಂದು ವರ್ಷಕ್ಕೂ ಹೆಚ್ಚು. ಊಟ ಸೇರುತ್ತಿರಲಿಲ್ಲ ಎಂದೇನಿಲ್ಲ. ಉಂಡರು, ಕೆಲಸಕ್ಕೆ ಹೋದರು, ಸ್ವಾತಿಯ ನಿಶ್ಚಿತಾರ್ಥವೂ ಆಯಿತು. ಆದರೆ ಪರೀಕ್ಷಾ ಕೋಣೆಯಲ್ಲಿ ತುಂಡನ್ನು ಅಂಗೈಯಲ್ಲಿ ಓರೆ ಮಾಡುವುದನ್ನು ಬಿಟ್ಟುಬಿಟ್ಟರು. ಕೋನ ಅಳೆದು, ಬರೆದು, ಸಹಿ ಹಾಕಿ ಪಕ್ಕಕ್ಕಿಡುತ್ತಿದ್ದರು. ಒಂದು ದಿನ ನಿತಿನ್‌ಭಾಯ್ ಹೊಸ ಗಿರಾಕಿಗಳ ಎದುರು ಅದೇ ಹಳೆಯ ಮಾತು ಹೇಳಿದರು: “ಇವರ ಕಣ್ಣು ನಮ್ಮ ಯಂತ್ರಕ್ಕಿಂತ ಮೇಲು.” ವಾಸುದೇವರು ಹೊರಗೆ ಬಂದು ಕೈ ತೊಳೆಯುವ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತರು. ಆ ಭಾನುವಾರ ಅಹಮದಾಬಾದಿಗೆ ಹೋದರು.

ಆಶ್ರಿತಾ ತನ್ನ ಸಂಸ್ಥೆಯ ಕ್ಯಾಂಟೀನಿಗೆ ಬಂದಳು. ಸ್ವಲ್ಪ ಸೊರಗಿದ್ದಳು. ಅಳತೆಗಳನ್ನೆಲ್ಲ ಬಿಡಬೇಕಾಗಿ ಬಂದು, ತುಂಡುಗಳನ್ನು ತಾನೇ ತಯಾರಿಸಿ, ಮೊದಲಿನಿಂದ ಅಳೆಯಲು ಒಂದೂವರೆ ವರ್ಷ ಹೋಯಿತೆಂದು ಹೇಳಿದಳು. ದೂರಿದಂತೆ ಹೇಳಲಿಲ್ಲ. ವಾಸುದೇವರು ರಾಕೇಶನ ಕೈಯ ವಿಷಯ ಹೇಳಿದಾಗ ಅವಳು ಕಪ್ಪು ಕೆಳಗಿಟ್ಟಳು.

“ನನ್ನಿಂದ ತಪ್ಪಾಯ್ತು,” ಎಂದರು.

“ಹೌದು ಸರ್,” ಎಂದಳು. “ನೀವು ಆವತ್ತು ನನ್ನ ಗೆಲ್ಲಿಸ್ಬೇಕಾಗಿರ್ಲಿಲ್ಲ. ‘ನಾನೂ ನೋಡಿದೀನಿ’ ಅಂದಿದ್ರೆ ಸಾಕಿತ್ತು. ಅದು ನಿಮ್ಮದೇ ಅಲ್ವಾ ಸರ್? ನನಗಿಂತ ಮೊದಲು ನೋಡಿದ್ದು ನೀವು. ನಾನು ಆ ಹಾಳೆ ಮೇಲೆ ನಿಮ್ಮ ಹೆಸರೂ ಬರೆದಿದ್ದೆ.”

ಅವರಿಗೆ ಅದು ಗೊತ್ತಿರಲಿಲ್ಲ. ಮೀಟಿಂಗ್ ಕೋಣೆಯಲ್ಲಿ ಅವರು ಹಾಳೆಯ ಕಡೆ ನೋಡಿಯೇ ಇರಲಿಲ್ಲ.

“ನಾನೀಗ ಎಂತ ಮಾಡ್ಲಿ, ಆಶ್ರಿತಾ?”

“ಆ ಲೇಪ ಇನ್ನೂ ಎಷ್ಟು ಕಡೆ ಇದೆ ಸರ್?”

“ಮೂರು ಸಬ್‌ಸ್ಟೇಷನ್.”

“ಡಿಸೆಂಬರ್ ಮಂಜು ಬರೋಕೆ ಮುಂಚೆ ಅವರಿಗೆ ಹೇಳಿ.”

ಅವರು ಬರೆದರು. ಕೊಂಡವರ ಕಚೇರಿಗೆ, ತಮ್ಮ ಹೆಸರು ಹಾಕಿ, ತಾವು ಏನು ನೋಡಿದ್ದರು, ಏನು ಹೇಳಿದರು, ಎರಡನ್ನೂ. ನಿತಿನ್‌ಭಾಯ್ ಒಂದೇ ಮಾತು ಕೇಳಿದರು. “ನಾನು ನಿಮ್ಮನ್ನು ಕೇಳಿದ್ದೆನಲ್ಲ ವಾಸುಭಾಯ್? ಎಲ್ಲರೆದುರು ಕೇಳಿದ್ದೆ.” ಅದು ನಿಜವೇ ಆಗಿತ್ತು. ನಿವೃತ್ತಿಗೆ ಇನ್ನೂ ಒಂದು ವರ್ಷವಿರುವಾಗ ಅವರು ಕಾರ್ಖಾನೆ ಬಿಟ್ಟರು. ಬೀಳ್ಕೊಡುಗೆ ನಡೆಯಲಿಲ್ಲ. ನವೆಂಬರಿನಲ್ಲಿ ಮೂರೂ ಸಬ್‌ಸ್ಟೇಷನ್ನುಗಳ ಲೇಪ ಕೆರೆದು ಬೇರೆ ಬಳಿದರೆಂದು ಹಳೆಯ ಸಹೋದ್ಯೋಗಿಯೊಬ್ಬ ಫೋನಿನಲ್ಲಿ ಹೇಳಿದ.

ಅದಾದ ಮೇಲೆ ಅವರು ಕತಾರ್‌ಗಾಮ್‌ಗೆ ಎರಡನೇ ಸಲ ಹೋದರು. ಸುಮತಿ ತಾನೂ ಬರುತ್ತೇನೆಂದಳು. ಅವರು ಬೇಡವೆಂದರು.

ರಾಕೇಶ್ ಎಡಗೈಯಲ್ಲಿ ಸೀರೆಗೆ ಹರಳು ಅಂಟಿಸುತ್ತಿದ್ದ. ಹೇತಲ್ ಪಕ್ಕದಲ್ಲಿ ಅದನ್ನೇ ಎರಡು ಪಟ್ಟು ವೇಗದಲ್ಲಿ ಮಾಡುತ್ತಿದ್ದಳು. ಈ ಸಲ ವಾಸುದೇವರು ಕೂರುವ ಮೊದಲೇ ಹೇಳಿಬಿಟ್ಟರು. ಹನಿಯ ವಿಷಯ, ಹುಡುಗಿಯ ವಿಷಯ, ಆ ಕೋಣೆಯಲ್ಲಿ ತಾವು ಆಡಿದ ಮಾತು.

ರಾಕೇಶ್ ಹರಳಿನ ಡಬ್ಬಿ ಮುಚ್ಚಿದ. “ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಹೋದ ಸಲ ಬಂದಾಗಲೂ?”

“ಆಗಲೂ.”

ರಾಕೇಶ್ ಎದ್ದ. ಹೊಡೆಯುತ್ತಾನೇನೋ ಎಂದುಕೊಂಡರು, ಹೊಡೆಯಲಿ ಎಂದೂ ಅನ್ನಿಸಿತು. ಅವನು, “ಚಹಾ ಕುಡಿದು ಹೋಗಿ ಕಾಕಾ” ಎಂದು ಹೇಳಿ, ಪರದೆ ಸರಿಸಿ ಒಳಗೆ ಹೋದ.

ಹೇತಲ್ ಚಹಾ ತಂದಿಟ್ಟಳು. ಚಹಾದ ಪಕ್ಕ ಮಗುವಿನ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ, ಒಂದು ಪೆನ್ನು.

“ಈಗ ಹೇಳಿದ್ದನ್ನೆಲ್ಲ ಬರೆದು ಕೊಡಿ. ಮಂಜಿನಿಂದ ಆಯಿತು ಅಂತ ಅವರು ಬರೆದಿದ್ದಾರೆ. ಪರಿಹಾರ ಕೇಳಲು ನಮ್ಮ ಹತ್ತಿರ ಏನೂ ಇಲ್ಲ.”

ಮೂವತ್ತೆಂಟು ವರ್ಷ ಗುಜರಾತಿ ಮಾತಾಡಿದವರಿಗೆ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಅಕ್ಷರಗಳು ಅಡ್ಡಾದಿಡ್ಡಿ ಬಿದ್ದವು. ಹೇತಲ್ ಬಗ್ಗಿ ನೋಡುತ್ತಾ, “ಇಲ್ಲಿ ದೀರ್ಘ ಬರಬೇಕು” ಎಂದು ಎರಡು ಕಡೆ ತಿದ್ದಿಸಿದಳು. ‘ನನಗೆ ಗೊತ್ತಿತ್ತು’ ಎಂಬ ಸಾಲು ಬಂದಾಗ ಅವಳು ತಿದ್ದಲಿಲ್ಲ. ಸಹಿ ಹಾಕಿದ ಮೇಲೆ ಹಾಳೆಯನ್ನು ಮಡಚಿ ರೇಷನ್ ಕಾರ್ಡಿನ ಚೀಲದಲ್ಲಿ ಇಟ್ಟಳು.

ಪರದೆಯ ಆಚೆ ರಾಕೇಶ್ ಕೆಮ್ಮಿದ್ದು ಕೇಳಿಸಿತು, ಹೊರಗೆ ಬರಲಿಲ್ಲ. ವಾಸುದೇವರು ಆರಿದ ಚಹಾವನ್ನು ಪೂರ್ತಿ ಕುಡಿದರು. ಕಪ್ಪನ್ನು ತಾವೇ ಒಯ್ದು ಬಚ್ಚಲಿನ ಬಳಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು.